ಟಾರ್ಗೆಟೆಡ್ ಮಾತ್ರೆ ಶುರುವಾದ ಮೇಲೆ ಮುಖದ ತುಂಬಾ ಗುಳ್ಳೆ, ನಿಲ್ಲಿಸಬೇಕಾ?

ಪ್ರಶ್ನೆ: ಅಮ್ಮನಿಗೆ ಶ್ವಾಸಕೋಶದ ಕ್ಯಾನ್ಸರ್. ಇಜಿಎಫ್‌ಆರ್ ಮ್ಯುಟೇಷನ್ (ಜೀನ್‌ನಲ್ಲಿ ಆದ ಬದಲಾವಣೆ) ಇದೆ ಅಂತ ಎರ್ಲೋಟಿನಿಬ್ ಮಾತ್ರೆ ಕೊಟ್ಟಿದ್ದಾರೆ. ಟಾರ್ಗೆಟೆಡ್ ಥೆರಪಿ ಕ್ಯಾನ್ಸರ್ ಕೋಶಕ್ಕೆ ಮಾತ್ರ ಹೊಡೆಯುತ್ತದೆ ಎಂದು ಎಲ್ಲೋ ಓದಿ ನಿರಾಳವಾಗಿದ್ದೆವು. ಹತ್ತನೇ ದಿನಕ್ಕೆ ಮುಖ, ಎದೆ ಎಲ್ಲಾ ಮೊಡವೆಯಂಥ ಗುಳ್ಳೆ. ಭೇದಿ ಬೇರೆ. ಇದು ಅಲರ್ಜಿನಾ? ಎರಡು ದಿನ ಮಾತ್ರೆ ಬಿಟ್ಟು ನೋಡಲಾ?

ಉತ್ತರ (ಕ್ಯಾನ್ಸರ್ ತಜ್ಞರು): ನೀವಾಗಿಯೇ ಬಿಡಬೇಡಿ. ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ನೀವು ಹೇಳುವುದನ್ನು ಕೇಳಿದರೆ ಅಲರ್ಜಿ ಅನ್ನಿಸುವುದಿಲ್ಲ, ಈ ಮಾತ್ರೆಯಲ್ಲಿ ತುಂಬಾ ಜನರಿಗೆ ಹೀಗೇ ಆಗುತ್ತದೆ.

"ಕ್ಯಾನ್ಸರ್ ಕೋಶಕ್ಕೆ ಮಾತ್ರ" ಎನ್ನುವ ಮಾತು ಅರ್ಧ ನಿಜ ಅಷ್ಟೇ. ಇಜಿಎಫ್‌ಆರ್ ಅಂದರೆ ಕೋಶದ ಮೇಲಿರುವ ಒಂದು ಸ್ವಿಚ್. ಹೊರಗಿನಿಂದ ಸಂದೇಶ ಬಂದಾಗ ಆನ್ ಆಗಿ "ಬೆಳೆ" ಎನ್ನುತ್ತದೆ, ಆಮೇಲೆ ಆಫ್ ಆಗುತ್ತದೆ. ಮ್ಯುಟೇಷನ್ ಆದ ಕೋಶದಲ್ಲಿ ಅದು ಆನ್‌ನಲ್ಲೇ ಸಿಕ್ಕಿಕೊಂಡಿರುತ್ತದೆ. ಮಾತ್ರೆ ಹೋಗಿ ಆ ಸ್ವಿಚ್ಚಿನ ಒಳಗೆ ಕೂತು ಅದನ್ನು ತಡೆಯುತ್ತದೆ. ಆದರೆ ಚರ್ಮ, ಕೂದಲಿನ ಬುಡ, ಉಗುರಿನ ಅಂಚು, ಕರುಳಿನ ಒಳಪದರ, ಇವೂ ಬದುಕುವುದು ಅದೇ ಸ್ವಿಚ್ಚಿನಿಂದ. ಅದಕ್ಕೇ ಗುಳ್ಳೆ, ಅದಕ್ಕೇ ಭೇದಿ.

ನೋಡಲು ಮೊಡವೆಯಂತಿದ್ದರೂ ಇದು ಮೊಡವೆ ಅಲ್ಲ. ಮೊಡವೆ ಕ್ರೀಮ್ ಹಚ್ಚಬೇಡಿ, ಮೊದಲೇ ಒಣಗಿದ ಚರ್ಮ ಇನ್ನೂ ಸುಡುತ್ತದೆ. ವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ, ಬಿಸಿಲಿಗೆ ಮುಖ ಒಡ್ಡಬೇಡಿ. ಡಾಕ್ಟರ್ ಬಹುಶಃ ಡಾಕ್ಸಿಸೈಕ್ಲಿನ್ ಮಾತ್ರೆ, ಸೌಮ್ಯವಾದ ಸ್ಟಿರಾಯ್ಡ್ ಕ್ರೀಮ್ ಬರೆದುಕೊಡುತ್ತಾರೆ. ಭೇದಿ ದಿನಕ್ಕೆ ಎಷ್ಟು ಸಲ ಅಂತ ಬರೆದಿಡಿ. "ಜಾಸ್ತಿ ಆಗ್ತಿದೆ" ಅಂದರೆ ನಮಗೆ ಏನೂ ತಿಳಿಯುವುದಿಲ್ಲ. ಮಾಮೂಲಿಗಿಂತ ನಾಲ್ಕು ಸಲ ಹೆಚ್ಚಾದರೆ ಕಾಯಬೇಡಿ. ಹೊಸದಾಗಿ ಕೆಮ್ಮು, ಉಸಿರಾಟದ ಕಷ್ಟ ಬಂದರೆ ಆಗಲೇ ಆಸ್ಪತ್ರೆಗೆ ಹೋಗಿ. ಅಪರೂಪಕ್ಕೆ ಶ್ವಾಸಕೋಶದಲ್ಲೇ ಉರಿಯೂತ ಆಗುತ್ತದೆ, ಅದು ಜೀವಕ್ಕೆ ಅಪಾಯ.

ಇನ್ನೊಬ್ಬರ ಪ್ರಶ್ನೆ: ನಮ್ಮ ತಂದೆಗೂ ಶ್ವಾಸಕೋಶದ ಕ್ಯಾನ್ಸರ್, ಆದರೆ ಮ್ಯುಟೇಷನ್ ಇಲ್ಲವಂತೆ. ಕೀಮೋಗಿಂತ ಮಾತ್ರೆ ಹಗುರ ಅಲ್ವಾ, ಅದನ್ನೇ ಕೇಳಬಹುದಾ?

ಉತ್ತರ: ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಬೇಡ ಅನ್ನುತ್ತಾರೆ. 2009ರಲ್ಲಿ ಪ್ರಕಟವಾದ ಐಪ್ಯಾಸ್ ಅಧ್ಯಯನದಲ್ಲಿ ಇದೇ ಬಗೆಯ ಗೆಫಿಟಿನಿಬ್ ಮಾತ್ರೆಯನ್ನು ಕೀಮೋ ಜೊತೆ ಹೋಲಿಸಿದರು. ಮ್ಯುಟೇಷನ್ ಇದ್ದವರಲ್ಲಿ ಮಾತ್ರೆ ರೋಗವನ್ನು ಹೆಚ್ಚು ದಿನ ತಡೆಯಿತು, ಇಲ್ಲದವರಲ್ಲಿ ಕೀಮೋವೇ ಮೇಲಾಯಿತು. ಸಿಕ್ಕಿಕೊಂಡ ಸ್ವಿಚ್ಚೇ ಇಲ್ಲದಿದ್ದರೆ ಮಾತ್ರೆ ಸುಮ್ನೆ ಚರ್ಮವನ್ನಷ್ಟೇ ಕಾಡುತ್ತದೆ.

ಮತ್ತೊಬ್ಬರು: ನನಗೆ ಸ್ತನ ಕ್ಯಾನ್ಸರಿಗೆ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್. ಮೂರು ತಿಂಗಳಿಗೊಮ್ಮೆ ಹೃದಯದ ಎಕೋ ಯಾಕೆ?

ಉತ್ತರ: ಅದೇ ಕಥೆ, ಸ್ವಿಚ್ ಬೇರೆ. ಅದರ ಗುರಿ ಹರ್2 ಎನ್ನುವ ಸ್ವಿಚ್. ಹೃದಯದ ಸ್ನಾಯುವಿನಲ್ಲೂ ಅದಕ್ಕೆ ಕೆಲಸವಿದೆ. ಕೆಲವರಲ್ಲಿ ಪಂಪಿಂಗ್ ಕಡಿಮೆಯಾಗುತ್ತದೆ, ಡಾಕ್ಸೊರುಬಿಸಿನ್ ಎನ್ನುವ ಕೀಮೋ ಔಷಧಿ ಕೂಡ ಪಡೆದವರಲ್ಲಿ ಹೆಚ್ಚು. ಔಷಧಿ ನಿಲ್ಲಿಸಿದರೆ ಸಾಮಾನ್ಯವಾಗಿ ಸುಧಾರಿಸುತ್ತದೆ. ಏನೂ ತೊಂದರೆ ಅನ್ನಿಸದಿದ್ದರೂ ಎಕೋ ತಪ್ಪಿಸಬೇಡಿ.

ಮೊದಲು ಕೇಳಿದವರು: ಡಾಕ್ಟರ್ ಜೊತೆ ಮಾತಾಡಿದೆ, ನೀವು ಹೇಳಿದ ಔಷಧಿಗಳನ್ನೇ ಕೊಟ್ಟರು. ಗುಳ್ಳೆ ಬಂದರೆ ಮಾತ್ರೆ ಕೆಲಸ ಮಾಡುತ್ತಿದೆ ಅಂತ ಅರ್ಥವಂತೆ, ನಿಜವಾ? ಎಷ್ಟು ವರ್ಷ ಕೆಲಸ ಮಾಡುತ್ತದೆ? ಅಂದಹಾಗೆ ಅಮ್ಮ ದಿನಾ ಬೆಳಗ್ಗೆ ಗ್ಯಾಸ್ ಮಾತ್ರೆ ತಗೊಳ್ತಾರೆ.

ಉತ್ತರ: ಗುಳ್ಳೆ ಬಂದವರಲ್ಲಿ ಗುಣ ಚೆನ್ನಾಗಿ ಕಾಣುವುದುಂಟು. ಬರದಿದ್ದರೆ ಕೆಲಸ ಮಾಡುತ್ತಿಲ್ಲ ಅಂತ ಅರ್ಥವಲ್ಲ. ಸ್ಕ್ಯಾನ್ ನೋಡಿಯೇ ಹೇಳಬೇಕು. ಎಷ್ಟು ದಿನ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಗಡ್ಡೆ ಕೊನೆಗೆ ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಸುಮಾರು ಅರ್ಧದಷ್ಟು ಜನರಲ್ಲಿ ಆ ದಾರಿ ಟಿ790ಎಂ ಎನ್ನುವ ಹೊಸ ಮ್ಯುಟೇಷನ್. ಅದಕ್ಕೆ ಓಸಿಮರ್ಟಿನಿಬ್ ಎನ್ನುವ ಮಾತ್ರೆ ಇದೆ, ಈಗ ಹಲವರಿಗೆ ಅದನ್ನೇ ಮೊದಲು ಕೊಡುತ್ತಾರೆ.

ಗ್ಯಾಸ್ ಮಾತ್ರೆ ವಿಷಯ ಮೊದಲೇ ಹೇಳಬೇಕಿತ್ತು! ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ ಮಾತ್ರೆ ಇದ್ದರೆ ಹೊಟ್ಟೆಯ ಆಮ್ಲ ಕಡಿಮೆಯಾಗಿ ಎರ್ಲೋಟಿನಿಬ್ ಸರಿಯಾಗಿ ಕರಗುವುದಿಲ್ಲ, ರಕ್ತಕ್ಕೆ ಕಡಿಮೆ ಸೇರುತ್ತದೆ. ಹೊತ್ತು ಬದಲಿಸಿದರೂ ಪ್ರಯೋಜನವಿಲ್ಲ, ಅವುಗಳ ಪರಿಣಾಮ ಇಡೀ ದಿನ ಇರುತ್ತದೆ. ಇದನ್ನು ನಾಳೆಯೇ ನಿಮ್ಮ ಡಾಕ್ಟರಿಗೆ ತಿಳಿಸಿ. ಎರ್ಲೋಟಿನಿಬ್ ಖಾಲಿ ಹೊಟ್ಟೆಗೆ ಇರಲಿ, ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ಆದ ಮೇಲೆ.