ಡಾಕ್ಟರಿಗೆ ಕೇಳಿ: ಬುದ್ಧಿಮಾಂದ್ಯತೆ ಇರುವವರಿಗೆ ಮನಸ್ಸಿನ ಕಾಯಿಲೆ ಬಂದಾಗ (ಮೊಬೈಲ್ ಗುಂಪಿನಲ್ಲಿ ನಡೆದ ಮಾತುಕತೆ)

ತೀರ್ಥಹಳ್ಳಿಯ ಅಕ್ಕ: ನಮಸ್ಕಾರ ಡಾಕ್ಟ್ರೇ. ತಮ್ಮನಿಗೆ 29 ವರ್ಷ, ಡೌನ್ ಸಿಂಡ್ರೋಮ್, ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ಕಡಿಮೆ. ಮಾತು ಕಡಿಮೆ. ಕೊಟ್ಟಿಗೆ ಕೆಲಸ ಪೂರ್ತಿ ಅವನದೇ ಇತ್ತು. ಎರಡು ತಿಂಗಳಿಂದ ಜಗಲಿ ಮೂಲೆಯಲ್ಲೇ ಕೂರುತ್ತಾನೆ. ಊಟ ಅರ್ಧಕ್ಕೆ ಬಿಡುತ್ತಾನೆ, ರಾತ್ರಿ ಎದ್ದು ಕೂರುತ್ತಾನೆ, ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಾನೆ. ಒಬ್ಬ ಡಾಕ್ಟರು "ಇಂಥವರು ಇರೋದೇ ಹಾಗೆ" ಎಂದು ನಿದ್ದೆ ಮಾತ್ರೆ ಕೊಟ್ಟರು.

ಡಾಕ್ಟರ್ (ಮನೋವೈದ್ಯ, ಶಿವಮೊಗ್ಗ): ಆ ಮಾತು ಒಪ್ಪಬೇಡಿ. ಮೂರು ತಿಂಗಳ ಹಿಂದೆ ಅವನು ಹಾಗಿರಲಿಲ್ಲ ಅಲ್ವಾ? ಅವನ ಹಳೆಯ ದಿನಗಳ ಜೊತೆ ಹೋಲಿಸಿ ನೋಡಿ. ಎಲ್ಲದಕ್ಕೂ ಡೌನ್ ಸಿಂಡ್ರೋಮೇ ಕಾರಣ ಅಂದುಕೊಂಡರೆ ಖಿನ್ನತೆಯೂ ಕಾಣುವುದಿಲ್ಲ, ಮೈನೋವೂ ಕಾಣುವುದಿಲ್ಲ. "ಬೇಜಾರಾಗಿದೆ" ಎಂದು ಅವನು ಹೇಳಲಾರ. ಕೆಲಸ ಬಿಡುವುದು, ಊಟ ಬಿಡುವುದು, ನಿದ್ದೆ ಕೆಡುವುದು, ಇವೇ ಅವನ ಮಾತು.

ಮೊದಲು ಮೈ ನೋಡಿಸಿ. ಹಲ್ಲು, ಕಿವಿ, ಮಲಬದ್ಧತೆ, ಮೂತ್ರದ ಸೋಂಕು. ಥೈರಾಯ್ಡ್ ರಕ್ತಪರೀಕ್ಷೆ ಖಂಡಿತ ಬೇಕು. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಕಡಿಮೆಯಾಗುವುದು ಜಾಸ್ತಿ, ಅದು ಥೇಟ್ ಖಿನ್ನತೆಯ ಹಾಗೇ ಕಾಣುತ್ತದೆ. ರಾತ್ರಿ ಗೊರಕೆ ಹೊಡೆದು ಉಸಿರು ಕಟ್ಟಿದಂತೆ ಆಗುತ್ತದಾ? ಹಾಗಾಗುತ್ತಿದ್ದರೆ ಆ ನಿದ್ದೆ ಮಾತ್ರೆ ಅಪಾಯ, ಕೊಟ್ಟವರಿಗೆ ಇವತ್ತೇ ತಿಳಿಸಿ. ವಯಸ್ಸು 40 ದಾಟಿದ್ದರೆ ಮರೆವಿನ ಕಾಯಿಲೆಯನ್ನೂ ಯೋಚಿಸುತ್ತಿದ್ದೆ. 29ಕ್ಕೆ ಅದು ಮೊದಲ ಅನುಮಾನ ಅಲ್ಲ.

ಒಂದು ನೋಟ್‌ಬುಕ್ ಇಡಿ. ಎಷ್ಟು ಹೊತ್ತು ಮಲಗಿದ, ಎಷ್ಟು ಉಂಡ, ಹೊಡೆದುಕೊಂಡಿದ್ದು ಯಾವಾಗ, ಅದಕ್ಕೆ ಮುಂಚೆ ಏನಾಯಿತು, ಬರೆಯಿರಿ. ಮೊಬೈಲಿನಲ್ಲಿ ವಿಡಿಯೋ ಮಾಡಿ ತನ್ನಿ. ಮತ್ತೊಂದು ಪ್ರಶ್ನೆ: ಮನೆಯಲ್ಲಿ ಈಚೆಗೆ ಏನಾದರೂ ಬದಲಾಗಿದೆಯಾ?

ಸಾಗರದ ತಾಯಿ: ನನ್ನ ಮಗ ಒಬ್ಬನೇ ಮಾತಾಡಿಕೊಳ್ಳುತ್ತಾನೆ. ಹುಚ್ಚು ಹಿಡಿದಿದೆಯಾ?

ಡಾಕ್ಟರ್: ಚಿಕ್ಕಂದಿನಿಂದ ಹಾಗಿದ್ದರೆ ಹೆದರಬೇಡಿ, ಇಂಥ ಮಕ್ಕಳಲ್ಲಿ ಅದು ಸಾಮಾನ್ಯ. ಹೊಸದಾಗಿ ಶುರುವಾಗಿ, ಕಿವಿ ಮುಚ್ಚಿಕೊಂಡು ಬೆಚ್ಚುತ್ತಿದ್ದರೆ ಕರೆತನ್ನಿ. ಬುದ್ಧಿಮಾಂದ್ಯತೆ ಬೇರೆ, ಮನೋರೋಗ ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲೂ ಬೇರೆ ಬೇರೆಯಾಗಿಯೇ ಇವೆ. ಒಬ್ಬರಿಗೇ ಎರಡೂ ಬರಬಹುದು.

ರಿಪ್ಪನ್‌ಪೇಟೆಯ ಸದಸ್ಯ: ಯುಡಿಐಡಿ ಕಾರ್ಡ್‌ಗೆ (ಅಂಗವಿಕಲರ ಗುರುತಿನ ಚೀಟಿ) ಯಾರ ಸಹಿ ಬೇಕು ಸರ್?

ಹೊಸನಗರದ ಸದಸ್ಯ: ಫಾರ್ವರ್ಡ್ ಬಂದಿದ್ದು. ಒಂದೆಲಗದ ರಸಕ್ಕೆ ಬಜೆ ತೇಯ್ದು 48 ದಿನ ಕೊಡಿ. ಇಂಗ್ಲಿಷ್ ಮಾತ್ರೆ ಎಲ್ಲ ನಿಲ್ಲಿಸಿ.

ಡಾಕ್ಟರ್: ಇದನ್ನು ಈಗಲೇ ಅಳಿಸಿ. ಇಂಥವರಲ್ಲಿ ಎಷ್ಟೋ ಜನ ಫಿಟ್ಸ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಒಮ್ಮೆಲೇ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬಂದು ಜೀವ ಹೋಗಬಹುದು. ಒಂದೆಲಗದ ತಂಬುಳಿ ನಮ್ಮ ಮನೆಯಲ್ಲೂ ಮಾಡುತ್ತೇವೆ, ಊಟಕ್ಕೆ.

ಸೊರಬದ ಸದಸ್ಯೆ: ಮಗಳಿಗೆ ಸಿಟ್ಟು ಜಾಸ್ತಿ. ಯಾವ ಮಾತ್ರೆ ಕೊಡಲಿ?

ಡಾಕ್ಟರ್: ನೋಡದೆ ಹೇಳುವುದಿಲ್ಲ. ಸಿಟ್ಟಿಗೆಂದೇ ಮಾತ್ರೆ ಕೊಟ್ಟು ಮಂಕು ಮಾಡುವುದು ಸರಿಯಲ್ಲ. ಇಂಗ್ಲೆಂಡಿನಲ್ಲಿ ಇದನ್ನು ತಪ್ಪಿಸಲೆಂದೇ 2016ರಲ್ಲಿ ಅಭಿಯಾನ ಶುರುವಾಯಿತು. ಕಾರಣ ಹುಡುಕಬೇಕು.

ಶಿಕಾರಿಪುರದ ಸದಸ್ಯ: ಸಿಟ್ಟಿಗೆ ಮಾತ್ರೆ ಹೆಸರು ಹೇಳಿ ಸರ್.

ಡಾಕ್ಟರ್: ಮೇಲೆ ಓದಿ.

ಕೊಪ್ಪದ ಸದಸ್ಯ: ನಮ್ಮ ಕಡೆ ಅಂತ್ರ ಕಟ್ಟಿಸುತ್ತಾರೆ. ಇಲ್ಲಾಂದ್ರೆ ಎರಡು ಏಟು ಬಿಟ್ಟರೆ ಹಠ ಇಳಿಯುತ್ತೆ.

ಸಾಗರದ ತಾಯಿ: ಹೊಡೆಯುವ ಮಾತು ಇಲ್ಲಿ ಬೇಡ. 22 ವರ್ಷ ಸಾಕಿದ್ದೇನೆ ನಾನು.

ಕೊಪ್ಪದ ಸದಸ್ಯ: ಅನುಭವದ ಮಾತು ಹೇಳಿದೆ ಅಮ್ಮಾ.

ಸಾಗರದ ತಾಯಿ: ಯಾರ ಅನುಭವ? ನಿಮ್ಮ ಮನೆಯಲ್ಲಿ ಇಂಥ ಮಗು ಇದೆಯಾ?

ಹೊಸನಗರದ ಸದಸ್ಯ: ಅಂತ್ರ ಕಟ್ಟಿಸಿದರೆ ತಪ್ಪೇನು? ಎಲ್ಲದಕ್ಕೂ ರೇಗಿದರೆ ಹೇಗೆ?

ಡಾಕ್ಟರ್: ಹರಕೆ ಹೊರಿ, ನನ್ನ ತಕರಾರಿಲ್ಲ. ಆದರೆ ಕೈ ಎತ್ತಬೇಡಿ. ಇನ್ನೊಮ್ಮೆ ಆ ಮಾತು ಬಂದರೆ ನಾನು ಈ ಗುಂಪಿನಲ್ಲಿ ಇರುವುದಿಲ್ಲ. ರಾತ್ರಿ ಹೊತ್ತು ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ.

ರಿಪ್ಪನ್‌ಪೇಟೆಯ ಸದಸ್ಯ: ಸರ್, ಯುಡಿಐಡಿ ಕಾರ್ಡ್?

ತೀರ್ಥಹಳ್ಳಿಯ ಅಕ್ಕ: ಡಾಕ್ಟ್ರೇ, ಬದಲಾವಣೆ ಕೇಳಿದ್ರಿ. ಅಪ್ಪನಿಗೆ ಕೈಲಾಗುವುದಿಲ್ಲ ಎಂದು ಎರಡೂ ಹಸು ಮಾರಿದೆವು. ತಮ್ಮನಿಗೆ ಹೇಳಲಿಲ್ಲ. ಸಂಜೆಯಾದರೆ ಮಾತ್ರ ಎದ್ದು, ಕಣ್ಣಿ ಹಿಡಿದುಕೊಂಡು ಖಾಲಿ ಕೊಟ್ಟಿಗೆ ಬಾಗಿಲಲ್ಲಿ ನಿಲ್ಲುತ್ತಾನೆ.

ಡಾಕ್ಟರ್: ಇದು ದೊಡ್ಡ ವಿಷಯ ಅಕ್ಕಾ. ಹಸುವಿನ ಫೋಟೋ ತೋರಿಸಿ, ಎಲ್ಲಿಗೆ ಹೋದವು ಎಂದು ಹೇಳಿ. ಹತ್ತಿರದಲ್ಲೇ ಇದ್ದರೆ ಕರೆದುಕೊಂಡು ಹೋಗಿ ತೋರಿಸಿ. ದಿನಾ ಅವನದೇ ಅಂತ ಒಂದು ಕೆಲಸ ಕೊಡಿ. ಆದರೆ ಕಾರಣ ಸಿಕ್ಕಿತು ಎಂದು ಪರೀಕ್ಷೆ ಬಿಡಬೇಡಿ. ಹೊಡೆದುಕೊಳ್ಳುವುದು ಯಾವ ಕೆನ್ನೆಗೆ?

ತೀರ್ಥಹಳ್ಳಿಯ ಅಕ್ಕ: ಬಲಕ್ಕೆ. ಯಾವಾಗಲೂ ಬಲಕ್ಕೇ. ಊಟ ಮಾಡುವಾಗ ಜಾಸ್ತಿ.

ಡಾಕ್ಟರ್: ಹಾಗಾದರೆ ನಾಳೆ ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗಿ. ಅಲ್ಲಿಂದ ನನ್ನ ಹತ್ತಿರ ಬನ್ನಿ.