ರೀಫ್ ಟ್ಯಾಂಕಿನ ಸಂಪ್‌ನಲ್ಲಿರುವ ಸೆರಾಮಿಕ್ ಮೀಡಿಯಾವನ್ನು ತೆಗೆದುಬಿಡಬೇಕೇ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಮ್ಮ ಮನೆಯಲ್ಲಿರುವ 200 ಲೀಟರಿನ ಉಪ್ಪುನೀರಿನ ರೀಫ್ ಟ್ಯಾಂಕಿನಲ್ಲಿ (ಹವಳ ಸಾಕುವ ಅಕ್ವೇರಿಯಂ) ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ ಮೀನು ಹಾಗೂ ಕೆಲವು ಜೊವಾಂತಿಡ್ ಮತ್ತು ಮಶ್ರೂಮ್ ಹವಳಗಳಿವೆ. ಟ್ಯಾಂಕಿನೊಳಗೆ ಸುಮಾರು 15 ಕಿಲೋ ಕಲ್ಲು ಇದ್ದು, ಸಂಪ್‌ನಲ್ಲಿ (ಟ್ಯಾಂಕಿನ ನೀರನ್ನು ಶುದ್ಧಗೊಳಿಸುವ ಪ್ರತ್ಯೇಕ ತೊಟ್ಟಿ) ಸ್ಪಂಜಿನ ಹಿಂದೆ ಸೆರಾಮಿಕ್ ಮೀಡಿಯಾ, ಅಂದರೆ ಸೂಕ್ಷ್ಮಜೀವಿಗಳು ನೆಲೆಸಲೆಂದು ಇಡುವ ರಂಧ್ರಮಯ ಸೆರಾಮಿಕ್ ರಿಂಗ್‌ಗಳು, ಎರಡು ದೊಡ್ಡ ಚೀಲಗಳಲ್ಲಿವೆ. ಅಮೋನಿಯಾ ಮತ್ತು ನೈಟ್ರೈಟ್ ಶೂನ್ಯವೇ ಇರುತ್ತವೆ. ಆದರೆ ನೈಟ್ರೇಟ್ ಮಾತ್ರ ಲೀಟರಿಗೆ 40 ಮಿಲಿಗ್ರಾಂನಿಂದ ಕೆಳಗಿಳಿಯುತ್ತಿಲ್ಲ. ಸೆರಾಮಿಕ್ ರಿಂಗ್‌ಗಳೇ ನೈಟ್ರೇಟ್ ಹುಟ್ಟಿಸುತ್ತವೆ, ತೆಗೆದುಬಿಡಿ ಎಂದು ಕೆಲವರು ಹೇಳಿದರೆ, ಆರು ತಿಂಗಳಿಗೊಮ್ಮೆ ಹೊಸದನ್ನು ಹಾಕಲೇಬೇಕು ಎಂದು ಅಂಗಡಿಯವರು ಹೇಳುತ್ತಾರೆ. ಸದ್ಯದಲ್ಲೇ ಮುರುಡೇಶ್ವರಕ್ಕೆ ಹೋಗುವವರಿದ್ದೇವೆ. ಅಲ್ಲಿನ ಕಡಲ ಕಲ್ಲುಗಳನ್ನು ತಂದು ರಿಂಗ್‌ಗಳ ಜಾಗದಲ್ಲಿ ಇಡಬಹುದೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ 1:
ನಮಸ್ಕಾರ ಸರ್. ನಿಮ್ಮ ನೈಟ್ರೇಟಿನ ಮೂಲ ಮೀನಿಗೆ ಹಾಕುವ ಆಹಾರ. ಅದರಿಂದ ಹುಟ್ಟುವ ಅಮೋನಿಯಾವನ್ನು ಸೂಕ್ಷ್ಮಜೀವಿಗಳು ಕಲ್ಲಿನ ಮೇಲೆ ಕುಳಿತು ಆಕ್ಸಿಡೀಕರಿಸಿದರೂ ಅಷ್ಟೇ, ರಿಂಗಿನ ಮೇಲೆ ಕುಳಿತು ಆಕ್ಸಿಡೀಕರಿಸಿದರೂ ಅಷ್ಟೇ. ಕೊನೆಗೆ ಸಿಗುವ ನೈಟ್ರೇಟಿನ ಪ್ರಮಾಣ ಒಂದೇ ಆಗಿರುತ್ತದೆ. ಹಾಗಿದ್ದರೂ ಈ ಆರೋಪ ಬಯೋ ಬಾಲ್‌ಗಳ (ಫಿಲ್ಟರಿಗೆ ತುಂಬುವ ಪ್ಲಾಸ್ಟಿಕ್ ಉಂಡೆಗಳು) ಕಾಲದಿಂದ ಉಳಿದುಬಂದಿರುವುದಕ್ಕೆ ಕಾರಣವಿದೆ: ಇಂಥ ಮೀಡಿಯಾದ ಸಂದುಗಳಲ್ಲಿ ಆಹಾರದ ಚೂರು ಮತ್ತು ಮೀನಿನ ಮಲ ಸೇರಿಕೊಂಡು, ನೊರೆಯ ಮೂಲಕ ಕೊಳೆ ತೆಗೆಯುವ ಸ್ಕಿಮ್ಮರಿಗೆ ಸಿಗದೆ ಅಲ್ಲಿಯೇ ಕೊಳೆಯುತ್ತವೆ.

ನೈಟ್ರೇಟನ್ನು ಸಾರಜನಕ ಅನಿಲವಾಗಿ ಬಿಡುಗಡೆ ಮಾಡುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬಹಳ ಕಡಿಮೆ ಇರುವ ಜಾಗ ಬೇಕು. ರಂಧ್ರಮಯವಾದ ದಪ್ಪ ಕಲ್ಲಿನ ಅಥವಾ ದೊಡ್ಡ ಸೆರಾಮಿಕ್ ಬ್ಲಾಕಿನ ಒಳಭಾಗದಲ್ಲಿ ಅಂಥ ಜಾಗ ಸಿಗುವುದು ಸಾಧ್ಯ; ತೆಳುವಾದ ರಿಂಗ್‌ಗಳಲ್ಲಿ ಅದು ಕಡಿಮೆ. ಮೇಲ್ಮೈಯ ರಂಧ್ರಗಳು ಕೊಳೆಯಿಂದ ಮುಚ್ಚಿಹೋದರೆ ಎಷ್ಟೇ ದುಬಾರಿಯಾದ ಮೀಡಿಯಾ ಆಗಿದ್ದರೂ ಅದರ ಒಳಭಾಗ ಉಪಯೋಗಕ್ಕೆ ಬಾರದು. ಆದ್ದರಿಂದ ಡಬ್ಬಿಯ ಮೇಲೆ ಮುದ್ರಿಸಿರುವ ಮೇಲ್ಮೈ ವಿಸ್ತೀರ್ಣದ ಅಂಕಿಗಿಂತ, ಆ ಮೀಡಿಯಾದ ಸುತ್ತ ನೀರು ಹರಿಯುತ್ತದೆಯೇ ಎಂಬುದನ್ನೇ ನಾನು ಮುಖ್ಯವೆಂದು ಪರಿಗಣಿಸುತ್ತೇನೆ.

ಸೆರಾಮಿಕ್ ಒಡೆದು ಪುಡಿಯಾಗದಿದ್ದರೆ ಆರು ತಿಂಗಳಿಗೊಮ್ಮೆ ಬದಲಿಸುವ ಅಗತ್ಯವಿಲ್ಲ. ನೀರು ಬದಲಿಸುವ ದಿನ, ಟ್ಯಾಂಕಿನಿಂದ ತೆಗೆದ ಉಪ್ಪುನೀರನ್ನೇ ಬಕೆಟಿನಲ್ಲಿಟ್ಟುಕೊಂಡು ಒಂದು ಚೀಲವನ್ನು ಮಾತ್ರ ಅದರಲ್ಲಿ ಅಲ್ಲಾಡಿಸಿ ತೊಳೆಯಿರಿ. ನಲ್ಲಿ ನೀರಿನ ಕ್ಲೋರಿನ್ ಈ ಜೀವಿಗಳನ್ನು ಕೊಲ್ಲುತ್ತದೆ, ಸಿಹಿನೀರಿನಿಂದ ಲವಣಾಂಶದ ಆಘಾತವೂ ಆಗುತ್ತದೆ. ಸ್ಪಂಜನ್ನಂತೂ ವಾರಕ್ಕೊಮ್ಮೆಯಾದರೂ ತೊಳೆಯಲೇಬೇಕು. ನಿಮ್ಮ ನೈಟ್ರೇಟಿನ ಬಹುಪಾಲು ಅಲ್ಲಿಯೇ ಅಡಗಿದೆ ಎಂಬುದು ನನ್ನ ಬಲವಾದ ಅನುಮಾನ.

ಉತ್ತರ 2:
ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ 200 ಲೀಟರಿಗೆ, ಅದೂ ಮೂರೇ ಮೀನಿರುವಾಗ, 15 ಕಿಲೋ ಒಳ್ಳೆಯ ರಂಧ್ರಮಯ ಕಲ್ಲಿದ್ದರೆ ಎರಡು ಚೀಲಗಳ ಅಗತ್ಯವೇ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ನಮ್ಮೂರಿನ ಕರೆಂಟಿನ ಸ್ಥಿತಿಯನ್ನೂ ಗಮನದಲ್ಲಿಡಬೇಕು. ಅಮೋನಿಯಾವಾಗಿರುವ ಪ್ರತಿ 1 ಮಿಲಿಗ್ರಾಂ ಸಾರಜನಕವನ್ನು ನೈಟ್ರೇಟ್ ಆಗಿಸಲು ಸುಮಾರು 4.6 ಮಿಲಿಗ್ರಾಂ ಆಮ್ಲಜನಕ ಬೇಕು. ಪಂಪ್ ನಿಂತ ಕೂಡಲೇ ಒತ್ತಾಗಿ ತುಂಬಿದ ಚೀಲದ ನಡುವೆ ಆಮ್ಲಜನಕ ಮುಗಿಯತೊಡಗುತ್ತದೆ. ಕ್ಯಾನಿಸ್ಟರ್ ಫಿಲ್ಟರಿನ ಮುಚ್ಚಿದ ಡಬ್ಬಿಯಲ್ಲಂತೂ ಪರಿಸ್ಥಿತಿ ಇನ್ನೂ ಕೆಟ್ಟದು. ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ಒಂದನ್ನು ಟ್ಯಾಂಕಿನ ಬಳಿ ಸದಾ ಇಟ್ಟುಕೊಳ್ಳಿ. ಕರೆಂಟ್ ಬಹಳ ಹೊತ್ತು ಹೋಗಿದ್ದರೆ, ಚೀಲಗಳನ್ನು ಮೂಸಿ ನೋಡದೆ ಪಂಪ್ ಚಾಲೂ ಮಾಡಬೇಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅವುಗಳನ್ನು ಹೊರಗೆ ತೆಗೆದಿಡಿ.

ಮುರುಡೇಶ್ವರದ ಕಲ್ಲಿನ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಆ ಊರಿನ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ರೀಫ್ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವುದರಿಂದ ಅವುಗಳನ್ನು ಸಮುದ್ರದಿಂದ ತೆಗೆಯುವುದು ಶಿಕ್ಷಾರ್ಹ ಅಪರಾಧ. ದಡದಲ್ಲಿ ಸಿಗುವ ಗಟ್ಟಿ ಕಪ್ಪು ಬಂಡೆಗಳಲ್ಲಿ ರಂಧ್ರಗಳೇ ಕಡಿಮೆ. ಜಂಬಿಟ್ಟಿಗೆಯಲ್ಲಿ ರಂಧ್ರಗಳಿದ್ದರೂ ಕಬ್ಬಿಣದ ಅಂಶ ಹೆಚ್ಚು. ಯಾವುದೂ ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಕಲ್ಲು ತರುವ ಯೋಚನೆಯನ್ನು ಬಿಟ್ಟಿದ್ದೇನೆ. ಒಂದು ಚೀಲವನ್ನು ತೆಗೆಯುವುದಾದರೆ ಒಮ್ಮೆಲೇ ತೆಗೆಯಬಹುದೇ? ನೈಟ್ರೇಟ್ ಇಳಿಸಲು ವಿನೆಗರ್ ಹಾಕುವವರೂ ಇದ್ದಾರಲ್ಲ, ಅದನ್ನು ಪ್ರಯತ್ನಿಸಬಹುದೇ?

ಉತ್ತರ 1:
ವಿನೆಗರ್ ಈಗ ಬೇಡ. ಅದು ಬೇರೆ ಬಗೆಯ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಅವುಗಳ ಮೂಲಕ ನೈಟ್ರೇಟನ್ನು ಹೀರಿಸುವ ವಿಧಾನ. ಪ್ರಮಾಣ ತಪ್ಪಿದರೆ ನೀರು ಬೆಳ್ಳಗಾಗಿ ಆಮ್ಲಜನಕ ಕುಸಿಯುತ್ತದೆ. ಮೊದಲು ಸಂಪ್‌ನ ತಳದ ಕೊಳೆಯನ್ನು ಸೈಫನ್‌ನಿಂದ ಎಳೆದು ತೆಗೆಯಿರಿ. ಶೇ. 10ರಷ್ಟು ನೀರು ಬದಲಿಸಿದರೆ 40 ಇದ್ದದ್ದು 36ಕ್ಕೆ ಇಳಿಯುತ್ತದೆಯಷ್ಟೇ. ಕೊಳೆಯ ಮೂಲ ಹಾಗೆಯೇ ಉಳಿದರೆ ಅದೂ ಮತ್ತೆ ಏರುತ್ತದೆ.

ಚೀಲವನ್ನು ಒಮ್ಮೆಲೇ ತೆಗೆಯಬೇಡಿ. ರಿಂಗ್‌ಗಳ ಕಾಲುಭಾಗವನ್ನು ತೆಗೆದು, ಎರಡು ವಾರ ಕಾದು, ಆ ಅವಧಿಯಲ್ಲಿ ಎರಡು-ಮೂರು ದಿನಗಳಿಗೊಮ್ಮೆ ಅಮೋನಿಯಾ ಅಳೆಯಿರಿ. ಸಮುದ್ರದ ನೀರಿನ ಪಿಎಚ್ 8.2ರ ಆಸುಪಾಸಿನಲ್ಲಿರುವುದರಿಂದ ಅಮೋನಿಯಾದ ವಿಷಕಾರಿ ರೂಪದ ಪಾಲು ಸಿಹಿನೀರಿಗಿಂತ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಅಳತೆಯಲ್ಲಿ ಸ್ವಲ್ಪ ಬಣ್ಣ ಕಂಡರೂ ತೆಗೆದ ರಿಂಗ್‌ಗಳನ್ನು ವಾಪಸ್ ಇಡಬೇಕು. ಅದಕ್ಕಾಗಿಯೇ ಅವುಗಳನ್ನು ಒಣಗಲು ಬಿಡದೆ, ಟ್ಯಾಂಕಿನದೇ ನೀರು ತುಂಬಿದ ಬಕೆಟಿನಲ್ಲಿ ಏರ್ ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಹಾಕಿ ಇಟ್ಟುಕೊಂಡಿರಿ. ಹಾಗೆಯೇ ನೈಟ್ರೇಟನ್ನು ಸಂಪೂರ್ಣ ಶೂನ್ಯಕ್ಕೆ ಇಳಿಸಲು ಹೋಗಬೇಡಿ. ನಿಮ್ಮ ಜೊವಾಂತಿಡ್‌ಗಳಿಗೆ ಲೀಟರಿಗೆ 5ರಿಂದ 10 ಮಿಲಿಗ್ರಾಂ ಇದ್ದರೆ ಒಳ್ಳೆಯದೇ.