ಡೆಬಿಯನ್ 12ರಲ್ಲೇ ಪ್ಲಾಸ್ಮಾ 6 ಹಾಕಿಕೊಳ್ಳಬಹುದಾ?

ಪ್ರಶ್ನೆ: ಸರ್, ನಮಸ್ಕಾರ. ನನ್ನ ಲ್ಯಾಪ್‌ಟಾಪ್‌ನಲ್ಲಿ ಡೆಬಿಯನ್ 12 ಲಿನಕ್ಸ್, ಅದರ ಮೇಲೆ ಕೆಡಿಇ ಪ್ಲಾಸ್ಮಾ 5.27 ಡೆಸ್ಕ್‌ಟಾಪ್ ಇದೆ. ಪ್ಲಾಸ್ಮಾ 6 ಬೇಕೆಂದು ಒಂದು ವಿಡಿಯೊ ನೋಡಿ ಪ್ಯಾಕೇಜ್‌ಗಳು ಎಲ್ಲಿಂದ ಬರಬೇಕೆಂದು ಹೇಳುವ ಸೋರ್ಸಸ್ ಲಿಸ್ಟ್‌ಗೆ ‘ಸಿಡ್’ (ಡೆಬಿಯನ್‌ನ ಇನ್ನೂ ಸ್ಥಿರವಾಗದ ಆವೃತ್ತಿ) ಸಾಲು ಸೇರಿಸಿದೆ. ಇನ್‌ಸ್ಟಾಲ್ ಕೊಟ್ಟರೆ, ತೆಗೆದುಹಾಕಲಾಗುವ ಪ್ಯಾಕೇಜ್‌ಗಳ ಪಟ್ಟಿಯೇ ಎರಡು ಪರದೆಯಷ್ಟು ಬಂತು. ಹೆದರಿ ‘ಎನ್’ ಒತ್ತಿದೆ. ಮುಂದುವರಿಯಲಾ? ದಿನವೂ ಕನ್ನಡ ಟೈಪಿಂಗ್ ಕೆಲಸ ಇರುತ್ತೆ.

ಉತ್ತರ: ನಿಲ್ಲಿಸಿದ್ದು ಒಳ್ಳೆಯದಾಯಿತು ಮೇಡಂ. ಮೊದಲು ಆ ಸಾಲು ಅಳಿಸಿ, ಪ್ಯಾಕೇಜ್ ಮಾಹಿತಿ ಹೊಸದಾಗಿಸುವ ಆಪ್ಟ್ ಅಪ್‌ಡೇಟ್ ಆಜ್ಞೆ ಕೊಡಿ.

2024ರ ಫೆಬ್ರುವರಿ 28ಕ್ಕೆ ಬಂದ ಪ್ಲಾಸ್ಮಾ 6 ನಿಂತಿರುವುದು ಕ್ಯೂಟಿ 6 ಎಂಬ ಲೈಬ್ರರಿಗಳ ಗುಂಪಿನ ಮೇಲೆ, ನಿಮ್ಮ 5.27 ಇರುವುದು ಕ್ಯೂಟಿ 5ರ ಮೇಲೆ. ಸಿಡ್‌ನಿಂದ ಒಂದನ್ನು ಎಳೆದರೆ ಅದರ ಹಿಂದೆ ಲೈಬ್ರರಿಗಳು, ಕೊನೆಗೆ ಇಡೀ ಸಿಸ್ಟಮ್‌ಗೆ ಆಧಾರವಾದ ಲಿಬ್‌ಸಿ ಕೂಡ ಹೊಸದಾಗುತ್ತದೆ. ಅಲ್ಲಿಂದ ಹಿಂದಕ್ಕೆ ಬರಲು ಡೆಬಿಯನ್ ದಾರಿ ಕೊಟ್ಟಿಲ್ಲ. ಇಂಥ ಕಲಬೆರಕೆಗೆ ಡೆಬಿಯನ್‌ನವರೇ ‘ಫ್ರ್ಯಾಂಕನ್‌ಡೆಬಿಯನ್’ ಎಂದು ಹೆಸರಿಟ್ಟು ಎಚ್ಚರಿಸುತ್ತಾರೆ.

ನಿಮಗೆ ಸರಿಯಾದ ದಾರಿ ಡೆಬಿಯನ್ 13, ಟ್ರಿಕ್ಸಿ. 2025ರ ಆಗಸ್ಟ್ 9ಕ್ಕೆ ಬಂದಿದೆ, ಪ್ಲಾಸ್ಮಾ 6.3 ಅದರಲ್ಲೇ ಇದೆ. ಹೋಮ್ ಫೋಲ್ಡರ್ ಪೂರ್ತಿ, ಅಡಗಿರುವ ಕಾನ್ಫಿಗ್ ಸಮೇತ, ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ. ಇದೊಂದನ್ನು ದಯವಿಟ್ಟು ಬಿಡಬೇಡಿ. ಡೆಬಿಯನ್‌ನದ್ದಲ್ಲದ ಬೇರೆಯವರ ರೆಪೊಸಿಟರಿಗಳಿದ್ದರೆ (ಪ್ಯಾಕೇಜ್ ಸಿಗುವ ತಾಣಗಳು) ಆಫ್ ಮಾಡಿ, 12ನ್ನು ಪೂರ್ತಿ ಅಪ್‌ಡೇಟ್ ಮಾಡಿಕೊಳ್ಳಿ. ಆಮೇಲೆ ಸೋರ್ಸಸ್ ಲಿಸ್ಟ್‌ನಲ್ಲಿ ‘ಬುಕ್‌ವರ್ಮ್’ (12ರ ಹೆಸರು) ಇರುವಲ್ಲೆಲ್ಲ, ಸೆಕ್ಯುರಿಟಿ ಸಾಲಿನಲ್ಲೂ, ‘ಟ್ರಿಕ್ಸಿ’ ಮಾಡಿ. ಚಾರ್ಜರ್ ಹಾಕಿ, ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಕಪ್ಪು ಪರದೆಯಲ್ಲಿ ಲಾಗಿನ್ ಆಗಿ. ಡೆಸ್ಕ್‌ಟಾಪ್ ಒಳಗೇ ಕೂತು ಡೆಸ್ಕ್‌ಟಾಪ್ ಬದಲಿಸಹೋದರೆ ನಡುವೆ ಅದೇ ಬಿದ್ದುಹೋಗಬಹುದು. ಆಪ್ಟ್ ಅಪ್‌ಡೇಟ್ ಕೊಟ್ಟು, ಹೊಸ ಪ್ಯಾಕೇಜ್ ಸೇರಿಸದ ಅಪ್‌ಗ್ರೇಡ್ ಮೊದಲು, ಫುಲ್-ಅಪ್‌ಗ್ರೇಡ್ ಆಮೇಲೆ. ಮುಗಿದ ಮೇಲೆ ರೀಬೂಟ್.

ಡೆಸ್ಕ್‌ಟಾಪ್ ಮೇಲಿಡುವ ಪುಟ್ಟ ಸಾಧನಗಳಾದ ವಿಜೆಟ್‌ಗಳಲ್ಲಿ ಹಳೆಯವು ಪ್ಲಾಸ್ಮಾ 6ಕ್ಕೆ ಹೊಂದುವಂತೆ ತಿದ್ದಿದ ಹೊರತು ನಡೆಯುವುದಿಲ್ಲ.

ಪ್ರಶ್ನೆ (ಐದು ದಿನದ ಮೇಲೆ): ಸರ್, ಆಯ್ತು! ಒಂದೂ ಫೈಲ್ ಹೋಗಿಲ್ಲ. ಆದರೆ ನಾನು ಕನ್ನಡ ಟೈಪಿಂಗ್‌ಗೆ ಬಳಸುವ ಎಫ್‌ಸಿಐಟಿಎಕ್ಸ್ 5ರಲ್ಲಿ ಕೆಲವು ಕಡೆ ಕನ್ನಡ ಮೂಡುತ್ತಿಲ್ಲ.

ಉತ್ತರ: ತುಂಬಾ ಸಂತೋಷ ಮೇಡಂ. ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ವ್ಯವಸ್ಥೆ ಬದಲಾಗಿದೆ: 12ರಲ್ಲಿ ನಿಮ್ಮದು ಎಕ್ಸ್11 ಸೆಷನ್, ಈಗ ವೇಲ್ಯಾಂಡ್. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್, ಅದರಡಿ ವರ್ಚುವಲ್ ಕೀಬೋರ್ಡ್‌ಗೆ ಹೋಗಿ ಎಫ್‌ಸಿಐಟಿಎಕ್ಸ್ 5 ಆರಿಸಿ, ಲಾಗೌಟ್ ಆಗಿ ಮತ್ತೆ ಬನ್ನಿ. ನುಡಿ ಕೀಲಿಮಣೆ ವಿನ್ಯಾಸ ಬೇಕಿದ್ದರೆ, ಹಲವು ಭಾಷೆಗಳ ಕೀಲಿಮಣೆ ವಿನ್ಯಾಸಗಳಿರುವ ಎಂ17ಎನ್ ಪ್ಯಾಕೇಜ್ ಹಾಕಿಕೊಂಡು ಕನ್ನಡದಡಿ ‘ಕೆಜಿಪಿ’ ಆರಿಸಿ. ಇವತ್ತೇ ಮುಗಿಸಬೇಕಾದ ಕೆಲಸ ಇದ್ದರೆ ಲಾಗಿನ್ ಪರದೆಯ ಮೂಲೆಯಲ್ಲಿ ಪ್ಲಾಸ್ಮಾ ಎಕ್ಸ್11 ಆರಿಸಿ ಒಳಗೆ ಬನ್ನಿ, ಸೆಟ್ಟಿಂಗ್ ನಾಳೆ ನಿಧಾನಕ್ಕೆ ನೋಡೋಣ.